ಅಜ್ಜನ ಪೆಟ್ಟಿಗೆಯಲ್ಲಿ ಮೂರು ಥರದ ಕಾಗದ ಸಿಕ್ಕಿತು: ಕಾರವಾರದ ಜಗಳ ನಿಜಕ್ಕೂ ಭಾಷೆಯದ್ದೇ?

ಕಾಳಿದಂಡೆ (ಕಾರವಾರ)
ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮೊದಲು ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ತಗಡಿನ ಪೆಟ್ಟಿಗೆ ಸಿಕ್ಕಿತು. ಗೆದ್ದಲು ತಿಂದು ಬಿಟ್ಟ ಒಂದು ಕಟ್ಟು ಕಾಗದ ಒಳಗಿತ್ತು. ಮೇಲೆ ಕನ್ನಡದ ಕಂದಾಯ ರಸೀದಿಗಳು. ಅದರ ಕೆಳಗೆ ಅಜ್ಜನ ತಂಗಿ ಮಡಗಾಂವದಿಂದ ಬರೆದ ಕೊಂಕಣಿ ಪತ್ರ, ದೇವನಾಗರಿಯಲ್ಲಿ. ತಳದಲ್ಲಿ ಎಂಟು ಹತ್ತು ಉದ್ದನೆಯ ಚೀಟಿ. ಅದರ ಅಕ್ಷರ ಒಂದಕ್ಕೊಂದು ಸಿಕ್ಕಿಕೊಂಡು ದಾರ ಎಳೆದ ಹಾಗಿದೆ. ಇದು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಎಂದು ಅಪ್ಪ ಹೇಳಿದರು. ಅವರಿಗೂ ಓದಲು ಬರುವುದಿಲ್ಲ.

ಮಗಳು ಎಂಟನೇ ಕ್ಲಾಸು. ಶಾಲೆಗೆ ಜಿಲ್ಲೆಯ ಇತಿಹಾಸದ ಬಗ್ಗೆ ಬರೆಯಬೇಕಾಗಿದೆ. ಮೂರನ್ನೂ ನೆಲದ ಮೇಲೆ ಹರಡಿಕೊಂಡು ಕೂತವಳು "ಅಪ್ಪಾ, ನಾವು ಯಾವ ಕಡೆಯವರು?" ಎಂದು ಕೇಳಿದಳು. ನನಗೆ ಉತ್ತರ ಬರಲಿಲ್ಲ.

ನನಗೆ ಗೊತ್ತಿರುವುದು ಇಷ್ಟು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂದೆವು. ಕಾರವಾರ, ಸೂಪಾ, ಹಳಿಯಾಳ ತನಗೆ ಬೇಕು ಎಂದು ಮಹಾರಾಷ್ಟ್ರ ಕೇಳಿತು. ಗಡಿ ಜಗಳ ಬಗೆಹರಿಸಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಕಾರವಾರ ಕೊಡಲು ಒಪ್ಪಲಿಲ್ಲ. ಪುಸ್ತಕದಲ್ಲಿ ಕತೆ ಅಲ್ಲಿಗೆ ಮುಗಿಯುತ್ತದೆ. ಆದರೆ ಜನ ನಿಜವಾಗಿ ಭಾಷೆಗಾಗಿ ಜಗಳ ಆಡಿದರಾ? ನಿಮ್ಮ ಮನೆಗಳಲ್ಲಿ ಹಿರಿಯರು ಏನು ಹೇಳುತ್ತಿದ್ದರು? ಚೀಟಿಗಳ ಫೋಟೋ ಹಾಕಿದ್ದೇನೆ. ಯಾರಿಗಾದರೂ ಮೋಡಿ ಓದಲು ಬಂದರೆ ದಯವಿಟ್ಟು ಹೇಳಿ.

ಗಡಿಕನ್ನಡಿಗ (ಹಳಿಯಾಳ)
ಇದರಲ್ಲಿ ಪ್ರಶ್ನೆ ಎಲ್ಲಿದೆ ಸರ್? ಕದಂಬರ ಬನವಾಸಿ ಇರುವುದು ಯಾವ ಜಿಲ್ಲೆಯಲ್ಲಿ? ಮುಂಬೈಯವರು 94 ವರ್ಷ ಆಳಿದರು ಅಂದ ಮಾತ್ರಕ್ಕೆ ನೆಲ ಅವರದ್ದಾಗುತ್ತಾ? ಕೊಂಕಣಿ ಮರಾಠಿಯ ಒಂದು ಬಗೆ ಅಷ್ಟೇ, ಹಾಗಾಗಿ ಕಾರವಾರ ನಮ್ಮದು ಅನ್ನುವುದು ಮಹಾರಾಷ್ಟ್ರದವರ ವಾದ. ಆಯೋಗ ಕೇಳಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆ ಇನ್ನೂ ಇದೆ. ಜಗಳ ಭಾಷೆಯದ್ದೇ. ಅದು ಮುಗಿದೂ ಇಲ್ಲ.

ಬೈತಖೋಲ
ನಮ್ಮ ಮನೆಯಲ್ಲಿ ಜಗಳ ಬಂಗಡೆ ರೇಟಿನದ್ದು. ಭಾಷೆಯದ್ದು ಯಾವತ್ತೂ ಕೇಳಿಲ್ಲ.

ಕಾಳಿದಂಡೆ
@ಗಡಿಕನ್ನಡಿಗ, ಕೊಂಕಣಿ ಮರಾಠಿ ಅಲ್ಲ ಅನ್ನುವುದನ್ನು ನಮ್ಮವರೇ ಎಷ್ಟು ಹೋರಾಡಿ ಹೇಳಿದ್ದಾರೆ ಗೊತ್ತಾ? ಅಖಿಲ ಭಾರತ ಕೊಂಕಣಿ ಪರಿಷತ್ತು ಹುಟ್ಟಿದ್ದು 1939ರಲ್ಲಿ, ಇದೇ ಕಾರವಾರದಲ್ಲಿ. ಗೋವಾದಲ್ಲಲ್ಲ. ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಭಾಷೆ ಎಂದು ಒಪ್ಪಿದ್ದು 1975ರಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ. ಕೊಂಕಣಿ ಬೇರೆ ಭಾಷೆ ಅನ್ನುವ ಮಾತೇ ಕಾರವಾರವನ್ನು ಕರ್ನಾಟಕದಲ್ಲಿ ಉಳಿಸಲು ಬಲ ಕೊಟ್ಟಿತು. ಹೀಗಿದ್ದೂ ಇವತ್ತು ಒಂದು ಬೋರ್ಡಿನಲ್ಲಿ ಕನ್ನಡದ ಕೆಳಗೆ ಕೊಂಕಣಿ ಬರೆದರೆ ಮಸಿ ಬಳಿಯುತ್ತಾರೆ. ಇದು ನನಗೆ ನೋವು.

ಗಡಿಕನ್ನಡಿಗ
ಬರೆದದ್ದು ದೇವನಾಗರಿಯಲ್ಲಿ. ಹೊರಗಿನವನ ಕಣ್ಣಿಗೆ ಅದು ಮರಾಠಿಯೇ. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯಿರಿ, ಮೊದಲು ನಾನೇ ಬಂದು ಬೋರ್ಡ್ ಕಟ್ಟುತ್ತೇನೆ. ಮಂಗಳೂರಿನವರು ಬರೆಯುವುದಿಲ್ವಾ?

ಕಾಳಿದಂಡೆ
ಮಂಗಳೂರಿನವರ ರೂಢಿ ಅದು. ಇಲ್ಲಿ ಅಜ್ಜನ ಕಾಲದಿಂದ ದೇವನಾಗರಿ. ಪತ್ರದ ಫೋಟೋ ನೋಡಿ.

ಹತ್ತಿಬಂಡಿ (ಕುಮಟಾ)
ಲಿಪಿ ಜಗಳಕ್ಕೆ ಬೇರೆ ಎಳೆ ಶುರು ಮಾಡಿ ಮಾರಾಯ್ರೆ. ನಾನು 1862ರ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮನ್ನು ಮುಂಬೈಗೆ ಸೇರಿಸಿದ್ದರಲ್ಲಿ ಭಾಷೆಯ ಲೆಕ್ಕವೇ ಇರಲಿಲ್ಲ. ಕಾರಣ ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತ್ತು. ಧಾರವಾಡ ಕಡೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಬಂದರು ಬೇಕಾಗಿತ್ತು. ಕಾರವಾರದ ಬಂದರು, ಕೈಗಾ ಘಟ್ಟದ ರಸ್ತೆ, ಎಲ್ಲ ಆ ಗಡಿಬಿಡಿಯಲ್ಲಿ ಎದ್ದದ್ದು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಬಂದರು ಮದ್ರಾಸಿನ ಕೈಯಲ್ಲಿತ್ತು. ಆದ್ದರಿಂದ ಜಿಲ್ಲೆಯನ್ನೇ ಈಚೆ ಎತ್ತಿಟ್ಟರು. ಕುಂದಾಪುರವನ್ನು ಮಾತ್ರ ಮದ್ರಾಸಿಗೇ ಬಿಟ್ಟರು. ನಮ್ಮೂರಿನ ಹೆಸರಿನಲ್ಲೇ ಹತ್ತಿ ಮಾರಾಟವಾಗುತ್ತಿತ್ತು, ಕುಮಟಾ ಹತ್ತಿ ಅಂತ. ಬೆಳೆದದ್ದು ಇಲ್ಲಲ್ಲ, ಹಡಗು ಹತ್ತಿದ್ದು ಇಲ್ಲಿ.

ಆಮೇಲೆ ಮುಂಬೈ ಕಡೆಯ ಕಂದಾಯ ಅಧಿಕಾರಿಗಳು, ಅಂದರೆ ಕಚೇರಿಯಲ್ಲಿ ಮಾಮಲೇದಾರ, ಹಳ್ಳಿಯಲ್ಲಿ ತಲಾಟಿ ಬಂದರು. ಮರಾಠಿ ಕಲಿತವನಿಗೆ ನೌಕರಿ ಸುಲಭ ಆಯಿತು. ನಿಮ್ಮ ಪೆಟ್ಟಿಗೆಯ ಮೋಡಿ ಆ ದಾರಿಯಲ್ಲಿ ಬಂದದ್ದಿರಬೇಕು. ಅಜ್ಜ ಏನು ಕೆಲಸದಲ್ಲಿದ್ದರು?

ಕಾಳಿದಂಡೆ
ಅಜ್ಜ ವಕೀಲರೊಬ್ಬರ ಹತ್ತಿರ ಕಾರಕೂನ. ಸ್ವಲ್ಪ ಗದ್ದೆಯೂ ಇತ್ತಂತೆ, ಅಂಕೋಲಾ ಕಡೆ. "ಅದೆಲ್ಲ ಹೋಯಿತು" ಎಂದಷ್ಟೇ ಅಪ್ಪ ಹೇಳುತ್ತಾರೆ.

ಗಜನಿಗದ್ದೆ (ಅಂಕೋಲಾ)
ಅಣ್ಣಾ, "ಅದೆಲ್ಲ ಹೋಯಿತು" ಅಂದರಲ್ಲ, ಎಲ್ಲಿಗೆ ಹೋಯಿತು ಎಂದು ನಾನು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಹಾಲಕ್ಕಿ ಒಕ್ಕಲಿಗರ ಮನೆಯವಳು, ನಮ್ಮವರನ್ನು ಗೌಡ ಎಂದೂ ಕರೆಯುತ್ತಾರೆ. ನಮ್ಮ ಅಜ್ಜಿ ಚಾಲಗೇಣಿ ಗದ್ದೆ ಮಾಡುತ್ತಿದ್ದರು. ಮೂಲಗೇಣಿ ಆಗಿದ್ದರೆ ತಲೆತಲಾಂತರಕ್ಕೆ ಹಕ್ಕು ಇರುತ್ತಿತ್ತು. ಚಾಲಗೇಣಿಯವರನ್ನು ಒಡೆಯ ಮನಸ್ಸು ಬಂದಾಗ ಬಿಡಿಸಬಹುದಿತ್ತು. ಗಜನಿ ಗದ್ದೆ ಅಂದರೆ ಗೊತ್ತಲ್ಲ? ಸಮುದ್ರ ಉಬ್ಬುವ ಭರತದ ಹೊತ್ತಿಗೆ ಹೊಳೆಯ ಉಪ್ಪುನೀರು ಒಳಗೆ ನುಗ್ಗುವ ಜಾಗ. ಮಣ್ಣಿನ ಕಟ್ಟು ಹಾಕಿ, ಹಲಗೆ ಬಾಗಿಲು ಇಟ್ಟು ನೀರು ಕಾಯಬೇಕು. ಅಲ್ಲಿ ಬೆಳೆಯುವುದು ಕಗ್ಗ ಭತ್ತ ಒಂದೇ. ಕಟ್ಟು ಒಡೆದರೆ ರಾತ್ರಿಯೇ ಎದ್ದು ಹೋಗಿ ಸೊಂಟದ ಮಟ್ಟ ಕೆಸರಿನಲ್ಲಿ ನಿಂತು ಮಣ್ಣು ಹಾಕಬೇಕು. ಹಾಕುವವರು ನಾವು. ಕೊಯ್ಲಾದ ಮೇಲೆ ಭತ್ತ ಅಳೆದು ಒಡೆಯರ ಮನೆಗೆ ಹೊರುವವರೂ ನಾವು. ಅಳತೆಯ ಕೊಳಗ ಅವರ ಮನೆಯದ್ದು. ಬಾಕಿ ಎಷ್ಟು ಎಂದು ಬರೆಯುವವರೂ ಅವರೇ.

ಒಡೆಯರು ಕೊಂಕಣಿಯಾ, ನಾಡವರಾ, ಹವ್ಯಕರಾ, ಅಜ್ಜಿಗೆ ಅದೆಲ್ಲ ಒಂದೇ ಆಗಿತ್ತು. ಅಂಗಳದಲ್ಲಿ ಎಲ್ಲಿಯವರೆಗೆ ಬರಬಹುದು ಅನ್ನುವುದು ಎಲ್ಲ ಮನೆಯಲ್ಲೂ ಒಂದೇ ಗೆರೆ. ಆದ್ದರಿಂದ ಕಾರವಾರ ಯಾವ ರಾಜ್ಯಕ್ಕೆ ಅನ್ನುವ ಜಗಳ ನಡೆದಾಗ ನಮ್ಮ ಕೊಪ್ಪದಲ್ಲಿ, ಅಂದರೆ ಹಾಲಕ್ಕಿ ಕೇರಿಯಲ್ಲಿ, ಯಾರೂ ತಲೆ ಎತ್ತಿ ನೋಡಿರಲಿಕ್ಕಿಲ್ಲ. ಓದು ಬಂದವರ ನಡುವಿನ ಮಾತು ಅದು.

ಸೊಪ್ಪಿನಬೆಟ್ಟ (ಶಿರಸಿ)
ತಂಗೀ, ನೀನು ಹೇಳಿದ್ದರಲ್ಲಿ ನಿಜ ಇದೆ. ಆದರೆ ಎಲ್ಲ ಒಡೆಯರೂ ಒಂದೇ ಎಂದು ಬರೆದುಬಿಟ್ಟರೆ ಅನ್ಯಾಯ ಆಗುತ್ತದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ, ಆಮೇಲೆ 1932ರಿಂದ ಕರ ನಿರಾಕರಣೆ. ಸಿದ್ದಾಪುರ, ಅಂಕೋಲಾ ಎರಡೂ ತಾಲೂಕಿನಲ್ಲಿ ಕಂದಾಯ ಕೊಡುವುದಿಲ್ಲ ಎಂದು ನಿಂತವರು ಜಮೀನು ಇದ್ದವರೇ. ಬ್ರಿಟಿಷರು ತೋಟ, ಗದ್ದೆ, ಎಮ್ಮೆ, ಪಾತ್ರೆ ಎಲ್ಲ ಜಪ್ತಿ ಮಾಡಿ ಹರಾಜಿಗೆ ಹಾಕಿದರು. ನಮ್ಮ ಮನೆಯ ಹಂಡೆಯನ್ನೂ ಹೊತ್ತುಕೊಂಡು ಹೋದರಂತೆ. ಆ ವರ್ಷ ಮಡಕೆಯಲ್ಲೇ ನೀರು ಕಾಯಿಸಿದರು ಎಂದು ಅಪ್ಪಯ್ಯ ಹೇಳುತ್ತಿದ್ದರು. ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. 1937ರಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ಮರಳಿಸುವ ಕೆಲಸ ನಡೆಯಿತು. ಅಷ್ಟು ಕಷ್ಟ ಪಟ್ಟವರನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡ.

ಗಜನಿಗದ್ದೆ
ತಳ್ಳಿಹಾಕಲಿಲ್ಲ. ಹೆಮ್ಮೆ ನನಗೂ ಇದೆ, ಆ ಹೋರಾಟದಲ್ಲಿ ಒಡೆಯರ ಸಂಗಡ ಹಾಲಕ್ಕಿಗಳೂ ಇದ್ದರು. ಆದರೆ ಒಂದು ಕೇಳುತ್ತೇನೆ. ಜಪ್ತಿಯಾದ ಜಮೀನು ವಾಪಸ್ ಬಂದಾಗ ಯಾರ ಹೆಸರಿಗೆ ಬಂತು? ಒಡೆಯರ ಹೆಸರಿಗೆ. ಅದರಲ್ಲಿ ಗೇಣಿ ಮಾಡುತ್ತಿದ್ದವನು ಮತ್ತೆ ಗೇಣಿಗೇ ನಿಂತ.

ಸೊಪ್ಪಿನಬೆಟ್ಟ
ಅದು ಹೌದು.

ಶಾಲ್ಮಲೆ (ಶಿರಸಿ)
ಶಿರಸಿಯ ಸುದ್ದಿ ಬಂತಲ್ಲ, ಒಂದು ಸೇರಿಸುತ್ತೇನೆ. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದಿದ್ದರು. ಮಾರಿಕಾಂಬೆ ಜಾತ್ರೆಯ ಕೋಣ ಬಲಿ ಆ ಕಾಲದಲ್ಲೇ ನಿಂತದ್ದು. ದೇವಸ್ಥಾನದ ಬಾಗಿಲು ಎಲ್ಲರಿಗೂ ತೆರೆದದ್ದಕ್ಕೂ ಆ ಓಡಾಟವೇ ಕಾರಣ. ಕಾನೂನು ಬರುವ ಮೊದಲೇ ಬದಲಾದದ್ದೂ ಸ್ವಲ್ಪ ಇದೆ.

ಹತ್ತಿಬಂಡಿ
ಗೇಣಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಇದನ್ನು ಯಾರೂ ಗಮನಿಸುವುದಿಲ್ಲ. ಮುಂಬೈ ರಾಜ್ಯದಲ್ಲಿ 1948ರ ಗೇಣಿ ಕಾನೂನನ್ನು ತಿದ್ದಿ, 1957ರ ಏಪ್ರಿಲ್ 1ರಂದು ಗೇಣಿದಾರನೇ ಜಮೀನನ್ನು ಕೊಂಡ ಹಾಗೆ ಎಂದು ಗೊತ್ತು ಮಾಡಿದ್ದರು. ಉಳುವವರ ದಿನ ಎಂದು ಅದಕ್ಕೆ ಹೆಸರು. ನಾವು ಮುಂಬೈ ಬಿಟ್ಟದ್ದು 1956ರ ನವೆಂಬರ್ 1ಕ್ಕೆ. ಐದೇ ತಿಂಗಳ ಅಂತರ! ಮೈಸೂರು ತನ್ನ ಕಾನೂನು ಮಾಡಿದ್ದು 1961ರಲ್ಲಿ, ಜಾರಿಗೆ ಬಂದದ್ದು 1965ರಲ್ಲಿ. ಗೇಣಿ ಪೂರ್ತಿ ರದ್ದಾಗಿ ಜಮೀನು ಸರ್ಕಾರಕ್ಕೆ ಸೇರಿದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ಕ್ಕೆ. ಲೆಕ್ಕ ಹಾಕಿ. ಏಕೀಕರಣದ ಸಂತೋಷದಲ್ಲಿ ನಮ್ಮ ಕರಾವಳಿಯ ಗೇಣಿದಾರ 17 ವರ್ಷ ಕಾದ.

ಗಡಿಕನ್ನಡಿಗ
ಹಾಗಾದರೆ ಏಕೀಕರಣವೇ ತಪ್ಪು ಅನ್ನುತ್ತೀರಾ?

ಹತ್ತಿಬಂಡಿ
ಹಾಗೆ ಎಲ್ಲಿ ಹೇಳಿದೆ? ತಾರೀಖು ಹೇಳಿದೆ ಅಷ್ಟೇ.

ಸೊಪ್ಪಿನಬೆಟ್ಟ
ಮುಂಬೈ ಕಾನೂನು ಕಾಗದದ ಮೇಲೆ ಚೆಂದ. ಅಲ್ಲಿಯೂ ಎಷ್ಟೋ ಗೇಣಿದಾರರಿಂದ "ಸ್ವಇಚ್ಛೆಯಿಂದ ಬಿಟ್ಟುಕೊಟ್ಟೆ" ಎಂದು ಬರೆಸಿಕೊಂಡರು. ಅಲ್ಲಿದ್ದಿದ್ದರೆ ಎಲ್ಲ ಸಿಗುತ್ತಿತ್ತು ಎಂದು ತಿಳಿಯಬೇಡಿ.

ಗಜನಿಗದ್ದೆ
17 ವರ್ಷ ಕಾದದ್ದು ನಿಜ. ಆದರೆ ಆ ನಡುವೆ ಸುಮ್ನೆ ಕೂತಿರಲಿಲ್ಲ. ನಮ್ಮ ಕಡೆ ದಿನಕರ ದೇಸಾಯಿಯವರ ಹೆಸರು ಹೇಳದೆ ಈ ಮಾತು ಮುಗಿಯುವುದಿಲ್ಲ. ಪುಸ್ತಕ ಓದುವವರಿಗೆ ಅವರು ಚುಟುಕ ಬರೆದವರು. ನಮ್ಮ ಅಜ್ಜಿಗೆ ಅವರು ರೈತರನ್ನು ಒಟ್ಟು ಮಾಡಿದವರು. ಬ್ರಿಟಿಷರು ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದರು. ನನ್ನ ಅಪ್ಪ ಓದಿದ್ದು ಅಂಥ ಒಂದು ಶಾಲೆಯಲ್ಲಿ, ನಮ್ಮ ಕೊಪ್ಪದಿಂದ ಮೆಟ್ರಿಕ್ ಮುಟ್ಟಿದ ಮೊದಲನೆಯವರು. 1974ರ ನಂತರ ಅರ್ಜಿ ತುಂಬಿದ್ದು ಆ ಅಪ್ಪ. ಗೇಣಿ ಜಮೀನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಗೇಣಿದಾರ ಕೇಳುವ ನಮೂನೆ 7.

ಈ ಅರ್ಜಿ ಕೇಳುವ ಭೂ ನ್ಯಾಯಮಂಡಳಿಯ (ಟ್ರಿಬ್ಯುನಲ್) ಮುಂದೆ ವಕೀಲರಿಗೆ ಆಗ ಅವಕಾಶ ಇರಲಿಲ್ಲ. ಗೇಣಿದಾರ ತಾನೇ ನಿಂತು ಬಾಯಿಬಿಟ್ಟು ಹೇಳಬೇಕು. ಅಜ್ಜಿ ಮೊದಲ ಸಲ ಕಚೇರಿಯ ಮೆಟ್ಟಿಲು ಹತ್ತಿದ್ದು ಆವತ್ತು. ಕೊರಳ ತುಂಬ ಕರಿಮಣಿ, ಮೊಳಕಾಲು ಮಟ್ಟದ ಸೀರೆ, ಬರಿಗಾಲು. "ಈ ಗದ್ದೆ ನೀನು ಮಾಡುತ್ತೀಯಾ?" ಎಂದು ಸಾಹೇಬರು ಕೇಳಿದರಂತೆ. ಅಜ್ಜಿ ಗದ್ದೆಯ ನಾಲ್ಕೂ ಬದಿ ಹೇಳಿದರು. ಕಟ್ಟು ಎಲ್ಲೆಲ್ಲಿ ಒಡೆದಿತ್ತು, ಯಾವ ವರ್ಷ ಯಾರು ಮಣ್ಣು ಹಾಕಿದರು, ಹಲಗೆಗೆ ಯಾವ ಮರ ಕಡಿದರು, ಎಲ್ಲ. ಒಡೆಯರ ಕಡೆಯವರ ಹತ್ತಿರ ಕಾಗದ ಇತ್ತು. ಅಜ್ಜಿಯ ಹತ್ತಿರ ಇದೇ ಇತ್ತು. ಗದ್ದೆ ನಮ್ಮ ಹೆಸರಿಗಾಯಿತು.

ಗಡಿಕನ್ನಡಿಗರೇ, ಒಂದು ಮಾತು ನಿಮ್ಮ ಕಡೆಗೂ ಹೇಳುತ್ತೇನೆ. ಅಜ್ಜಿ ಮಾತಾಡಿದ್ದು ನಮ್ಮ ಹಾಲಕ್ಕಿ ಕನ್ನಡ. ಸಾಹೇಬರಿಗೆ ಅರ್ಧ ಅರ್ಥವಾಗಿರಲಿಕ್ಕಿಲ್ಲ, ಆದರೂ ಕನ್ನಡ. ಆ ಕಚೇರಿ ಮರಾಠಿಯಲ್ಲಿ ನಡೆಯುತ್ತಿದ್ದರೆ ಅಜ್ಜಿಯ ಬಾಯಿ ಕಟ್ಟಿಹೋಗುತ್ತಿತ್ತು. ಆದ್ದರಿಂದ 1956 ನಮಗೆ ಏನೂ ಅಲ್ಲ ಎಂದು ಮೇಲೆ ಬರೆದೆನಲ್ಲ, ಅದನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಗಡಿಕನ್ನಡಿಗ
ಅಕ್ಕಾ, ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ನಾನು ಗಡಿ, ನಕ್ಷೆ, ಶೇಕಡಾ ಎಷ್ಟು ಜನ ಯಾವ ಭಾಷೆ, ಇದನ್ನೇ ಓದಿದ್ದೇನೆ. ಹೀಗೆ ಯೋಚಿಸಿರಲಿಲ್ಲ.

ಬೈತಖೋಲ
ಕಗ್ಗ ಭತ್ತ ಈಗ ಸಿಗುತ್ತಾ? ಆ ಕೆಂಪು ಅಕ್ಕಿ ಗಂಜಿ ತಿಂದು ಎಷ್ಟೋ ವರ್ಷ ಆಯಿತು.

ಗಜನಿಗದ್ದೆ
ಕುಮಟಾದ ಮಾಣಿಕಟ್ಟಾ ಕಡೆ ಇನ್ನೂ ಬೆಳೆಯುತ್ತಾರೆ. ನಮ್ಮ ಕಡೆ ಜಾಸ್ತಿ ಜನ ಸಿಗಡಿ ಕೆರೆ ಮಾಡಿಬಿಟ್ಟರು.

ದಮಾಮಿ (ಯಲ್ಲಾಪುರ)
ಇಷ್ಟು ಹೊತ್ತು ಓದಿದೆ. ಈಗ ನಾನು ಬರೆಯುತ್ತೇನೆ. ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕದಿಂದ ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಮನೆಮಾತು ಕೊಂಕಣಿ ಬೆರೆತದ್ದು, ಶಾಲೆಯಲ್ಲಿ ಕನ್ನಡ, ಹಳಿಯಾಳ ಪೇಟೆಯಲ್ಲಿ ಮರಾಠಿ, ಉರ್ದು. ಮಹಾಜನರು ಬಂದಾಗ ನಮ್ಮನ್ನು ಯಾವ ಲೆಕ್ಕಕ್ಕೆ ಹಾಕಿದರೋ! "ನೀನು ಯಾವ ದೇಶದವಳು?" ಎಂದು ಬಸ್ಸಿನಲ್ಲಿ ಈಗಲೂ ಕೇಳುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ಬೆಚ್ಚಿ ಬೀಳುತ್ತಾರೆ.

ಪರಿಶಿಷ್ಟ ಪಂಗಡ ಎಂದು ನಮ್ಮನ್ನು ಸೇರಿಸಿದ್ದು 2003ರಲ್ಲಿ. ವಿಧಾನ ಪರಿಷತ್ತಿನಲ್ಲಿ ನಮ್ಮವರೊಬ್ಬರು ಮೊದಲ ಸಲ ಕೂತದ್ದು 2020ರಲ್ಲಿ. ನಮೂನೆ 7ರ ಕತೆ ಚೆನ್ನಾಗಿದೆ ಅಕ್ಕಾ, ಆದರೆ ನಮ್ಮ ಅಜ್ಜನಿಗೆ ಗೇಣಿಯೂ ಇರಲಿಲ್ಲ. ಅಡಿಕೆ ತೋಟದಲ್ಲಿ ಮುಂಗಡ ತೆಗೆದುಕೊಂಡ ಆಳು. ಆಳಿಗೆ ಯಾವ ನಮೂನೆಯೂ ಇಲ್ಲ. ಕಾಡಿನಲ್ಲಿ ಅರಣ್ಯ ಹಕ್ಕು ಕಾನೂನಿನ ಅರ್ಜಿ ಹಾಕಿದ್ದೇವೆ, ಈಗ ಅದೇ ನಮ್ಮ ನಮೂನೆ.

ಸೊಪ್ಪಿನಬೆಟ್ಟ
ತಂಗೀ, ನಮ್ಮ ತೋಟದಲ್ಲೂ ಸಿದ್ದಿ ಮನೆಯವರು ಇದ್ದರು. ಮೂರು ತಲೆಮಾರು. ಅಡಿಕೆ ಮರ ಹತ್ತಿ ಒಂದರಿಂದ ಒಂದಕ್ಕೆ ತೂಗಿಕೊಂಡು ಹೋಗುವುದನ್ನು ನಾನು ಸಣ್ಣವನಿದ್ದಾಗ ನೋಡಿದ್ದೇನೆ. ಅವರ ಊಟ ಯಾವಾಗಲೂ ಕೊಟ್ಟಿಗೆಯ ಬದಿ ಆಗುತ್ತಿತ್ತು. ಅದು ತಪ್ಪು ಎಂದು ನಮಗೆ ಯಾರಿಗೂ ಆಗ ಅನಿಸಲಿಲ್ಲ. ಈಗ ಬರೆಯುವಾಗ ಕೈ ತಡೆಯುತ್ತದೆ. ಆ ಮನೆಯ ಹುಡುಗ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಬಂದಾಗ ನಮ್ಮ ಜಗಲಿಯಲ್ಲೇ ಕೂರುತ್ತಾನೆ, ಆದರೂ ಅವನ ಅಮ್ಮ ಇನ್ನೂ ಮೆಟ್ಟಿಲ ಕೆಳಗೇ ನಿಲ್ಲುತ್ತಾಳೆ. ಕರೆದರೂ ಬರುವುದಿಲ್ಲ.

ದಮಾಮಿ
ಒಂದು ಸಲ ಕರೆದರೆ ಬರುವುದಿಲ್ಲ. ನೀವು ಕೆಳಗೆ ಇಳಿದು ಬನ್ನಿ.

ಶರಾಬಿಹೊಳೆ (ಭಟ್ಕಳ)
ಭಟ್ಕಳದಿಂದ ಬರೆಯುತ್ತಿದ್ದೇನೆ. ನಾವು ನವಾಯತರು. ಮನೆಮಾತು ನವಾಯತಿ. ಕಾಳಿದಂಡೆ ಅಣ್ಣ ನಮ್ಮ ಅಜ್ಜಿಯ ಹತ್ತಿರ ಬಂದು ಕೊಂಕಣಿ ಮಾತಾಡಿದರೆ ಅವರಿಗೆ ಮುಕ್ಕಾಲು ಪಾಲು ತಿಳಿಯುತ್ತದೆ. ನಾವು ಬರೆಯುವುದು ಉರ್ದು ಲಿಪಿಯಲ್ಲಿ. ಅರಬ್ ವ್ಯಾಪಾರಿಗಳು ಈ ಬಂದರಿಗೆ ಬಂದು ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಉಳಿದರು. ಬೆಳಗಿನ ತಿಂಡಿಯಿಂದ ಹಿಡಿದು ಬೈಗುಳದವರೆಗೆ ಈ ಕರಾವಳಿಯದ್ದೇ. 1993ರ ಗಲಭೆ ತಿಂಗಳುಗಟ್ಟಲೆ ನಡೆಯಿತು. ನಾನು ಆಗ ಪ್ರೈಮರಿ ಶಾಲೆ. ಅದಕ್ಕೆ ಮೊದಲು ನಮ್ಮ ಓಣಿಯಲ್ಲಿ ಎರಡೂ ಕಡೆಯ ಮನೆ ಇದ್ದವು. ಆಮೇಲೆ ಮನೆ ಮಾರಿ ಮಾರಿ ಅವರು ಅತ್ತ, ನಾವು ಇತ್ತ. ಪಕ್ಕದ ಮನೆಯಿಂದ ಗೋಡೆ ಮೇಲಿಟ್ಟು ಕೊಡುತ್ತಿದ್ದ ಹಲಸಿನ ಕಡುಬು ನಿಂತುಹೋಯಿತು. ಇದು ಭಾಷೆಯ ಜಗಳ ಅಲ್ಲ, ಭೂಮಿಯದ್ದೂ ಅಲ್ಲ. ನಿಮ್ಮ ಮಗಳ ಬರಹದಲ್ಲಿ ಇದಕ್ಕೂ ಒಂದು ಸಾಲು ಇರಲಿ.

ತೋಡೂರಕಾಲೊನಿ
ಬೋರ್ಡ್ ಯಾವ ಲಿಪಿಯಲ್ಲಿ ಇದ್ದರೆ ಏನು, ನಮಗೆ ಊರೇ ಇಲ್ಲ. 1986ರಲ್ಲಿ ರಾಜೀವ್ ಗಾಂಧಿ ಬಂದು ನೌಕಾನೆಲೆಗೆ ಅಡಿಗಲ್ಲು ಹಾಕಿದರು. 13 ಊರು ಖಾಲಿಯಾದವು, ನಾಲ್ಕು ಸಾವಿರಕ್ಕೂ ಜಾಸ್ತಿ ಮನೆ. ಅರ್ಗಾದ ಸಮುದ್ರದಂಡೆಯಲ್ಲಿ ನಮ್ಮ ಅಪ್ಪ ದೋಣಿ ಎಳೆಯುತ್ತಿದ್ದರು. ಕಾಲೊನಿಯಿಂದ ಸಮುದ್ರ ಕೇಳುತ್ತದೆ, ಕಾಣುವುದಿಲ್ಲ. ಎದುರಿನ ಅಂಜುದೀವಿ ದ್ವೀಪಕ್ಕೂ ಈಗ ಹೋಗುವ ಹಾಗಿಲ್ಲ. ಪೋರ್ಚುಗೀಸರ ಕೈಯಲ್ಲಿ 1961ರ ಡಿಸೆಂಬರ್‌ವರೆಗೆ ಇತ್ತು, ಆಗ ಹೋದರೆ ಗುಂಡು. ಬಿಡುಗಡೆ ಆದ ಮೇಲೆ ಸ್ವಲ್ಪ ವರ್ಷ ಹಬ್ಬಕ್ಕೆ ಹೋಗಿ ಬರುತ್ತಿದ್ದರು. ಈಗ ಬೇಲಿ.

ನಮ್ಮ ಕಾಲೊನಿಯಲ್ಲಿ ಖಾರ್ವಿ, ಹರಿಕಂತ್ರ, ಕೋಮಾರಪಂತ, ಹಾಲಕ್ಕಿ, ಪಡ್ತಿ ಎಲ್ಲ ಒಂದೇ ಸಾಲಿನಲ್ಲಿ ಮನೆ. ಮೊದಲು ಬೇರೆ ಬೇರೆ ಕೇರಿ ಇತ್ತು, ಒಬ್ಬರ ಬಾವಿಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ಈಗ ಒಂದೇ ನಲ್ಲಿ. ಮದುವೆ ಸಂಬಂಧವೂ ಆಗಿದೆ, ಒಂದೆರಡು.

ಬೈತಖೋಲ
ದೋಣಿ ಅಂದಿರಲ್ಲ. ದಡದಿಂದ ಎಳೆಯುವ ರಂಪಣಿ ಬಲೆಗೆ ಐವತ್ತು ಅರವತ್ತು ಜನ ಬೇಕಿತ್ತು, ಮೀನನ್ನು ಪಾಲು ಹಾಕುತ್ತಿದ್ದರು. 1970ರ ದಶಕದ ಕೊನೆಗೆ ಸಮುದ್ರದಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವ ಪರ್ಸೀನ್ ಯಂತ್ರದ ಬೋಟು ಬಂತು. ದಡಕ್ಕೆ ಬರುವ ಮೊದಲೇ ಬಂಗಡೆ ಬಾಚಿಕೊಂಡು ಹೋದರು. ದೊಡ್ಡ ಹೊಡೆದಾಟವೇ ಆಯಿತು, ರಂಪಣಿಯವರು ಸೋತರು. ಮೊದಲ ಸಲ ನಾನು ಹೇಳಿದ್ದು ತಮಾಷೆಗಲ್ಲ, ನಮ್ಮ ಮನೆ ಮುರಿದದ್ದೇ ಬಂಗಡೆಯಿಂದ. ಎರಡು ಬೋಟಿನವರೂ ಒಂದೇ ಜಾತಿ, ಒಂದೇ ಭಾಷೆ.

ಹೆದ್ದಾರಿ66
ಇದಕ್ಕೆ ಸಂಬಂಧ ಇಲ್ಲ, ಆದರೂ ಕೇಳುತ್ತೇನೆ. ಕಾಳಿ ಸೇತುವೆ 2024ರ ಆಗಸ್ಟಿನಲ್ಲಿ ಬಿದ್ದ ರಾತ್ರಿ ಸದಾಶಿವಗಡದವರು ಯಾರಾದರೂ ಎದ್ದು ನೋಡಿದ್ದೀರಾ? ಮಡಗಾಂವಕ್ಕೆ ದಿನಾ ಕೆಲಸಕ್ಕೆ ಹೋಗುವವರು ಎಷ್ಟು ಜನ ನಮ್ಮಲ್ಲಿ! ಗಡಿಯ ಮಾಜಾಳಿ ದಾಟಿದರೆ ಗೋವಾದ ಪೋಳೆ. ಗೋವಾದಲ್ಲಿ ನಮಗೆ ಕನ್ನಡದವರು ಅನ್ನುತ್ತಾರೆ, ಬೆಂಗಳೂರಿನಲ್ಲಿ ಗೋವಾದವರಾ ಅನ್ನುತ್ತಾರೆ.

ಕಾಳಿದಂಡೆ
ನಮ್ಮ ಮನೆಗೆ ಆ ಶಬ್ದ ಕೇಳಿತ್ತು. ಸೇತುವೆಯ ಜೊತೆ ಹೊಳೆಗೆ ಬಿದ್ದ ಲಾರಿಯ ಡ್ರೈವರ್ ಬದುಕಿದ ಎಂದು ತಿಳಿಯುವವರೆಗೆ ಯಾರೂ ಮಲಗಲಿಲ್ಲ.

ನಿವೃತ್ತಮಾಸ್ತರ (ಬೆಳಗಾವಿ)
ಮೋಡಿ ಫೋಟೋ ಈಗ ನೋಡಿದೆ. ನಾನು ಹುಟ್ಟಿದ್ದು ಹೊನ್ನಾವರ, ಬೆಳಗಾವಿಯಲ್ಲಿ ನೌಕರಿ ಮಾಡುವಾಗ ಮೋಡಿ ಕಲಿತೆ. ಐದನೇ ಚೀಟಿ ಸ್ಪಷ್ಟವಾಗಿದೆ. ಭಾಷೆ ಮರಾಠಿ. ಒಬ್ಬ ಗೌಡನ ಹೆಸರು ಇದೆ, ಇಲ್ಲಿ ಹಾಕುವುದಿಲ್ಲ. ಇಂಥ ಊರಿನ ಗದ್ದೆ, ಇಷ್ಟು ಖಂಡಿ ಭತ್ತ ಗೇಣಿ, ಅದರಲ್ಲಿ ಇಷ್ಟು ಸಂದಿದೆ, ಇಷ್ಟು ಬಾಕಿ, ಮುಂದಿನ ವರ್ಷ ಬಾಕಿ ಸೇರಿಸಿ ಕೊಡತಕ್ಕದ್ದು, ಇಲ್ಲದಿದ್ದರೆ ಗದ್ದೆ ಬಿಡತಕ್ಕದ್ದು. ಕೆಳಗೆ ಎಡಗೈ ಹೆಬ್ಬೆಟ್ಟು. ಉಳಿದವೂ ಇದೇ ಥರ, ಬೇರೆ ಬೇರೆ ವರ್ಷದ್ದು. ಪ್ರತಿ ವರ್ಷ ಬಾಕಿ ಬೆಳೆದಿದೆ. ಊರಿನ ಹೆಸರು ನಿಮಗೆ ಬೇರೆಯಾಗಿ ಕಳಿಸಿದ್ದೇನೆ.

ಕಾಳಿದಂಡೆ
ಮಾಸ್ತರರೇ, ತುಂಬಾ ಉಪಕಾರ. ಎರಡು ಗಂಟೆ ಆಯಿತು, ಏನು ಬರೆಯಬೇಕು ಎಂದು ಗೊತ್ತಾಗಲಿಲ್ಲ. ನಾನು ಇಲ್ಲಿ ಕೊಂಕಣಿಗೆ ಆದ ನೋವು ಹೇಳಲು ಬಂದವನು. ಅದು ಸುಳ್ಳಲ್ಲ. ಆದರೆ ಆ ಗೌಡರಿಗೆ ಮರಾಠಿ ಬರುತ್ತಿರಲಿಲ್ಲ, ಮೋಡಿ ಮೊದಲೇ ಇಲ್ಲ. ತನಗೆ ಓದಲು ಬಾರದ ಭಾಷೆಯಲ್ಲಿ, ಓದಲು ಬಾರದ ಅಕ್ಷರದಲ್ಲಿ ಬರೆದ ಚೀಟಿಗೆ ಹೆಬ್ಬೆಟ್ಟು ಒತ್ತಿದ್ದಾರೆ. ಬರೆದದ್ದು ನನ್ನ ಅಜ್ಜ. ಅಕ್ಷರ ಚೆಂದ ಇದೆ ಎಂದು ಮಗಳು ಬೆಳಿಗ್ಗೆ ಅದನ್ನು ಪಟ್ಟಿಯಲ್ಲಿ ನಕಲು ಮಾಡುತ್ತಿದ್ದಳು.

ಅಪ್ಪನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಟ್ರಿಬ್ಯುನಲ್ಲಿಗೆ ಅಜ್ಜ ಈ ಚೀಟಿ ತೆಗೆದುಕೊಂಡು ಹೋಗಲಿಲ್ಲ. ಹೋಗಿದ್ದರೆ ಗೇಣಿ ಇತ್ತು ಎಂದು ಇವೇ ಸಾಕ್ಷಿ ಆಗುತ್ತಿದ್ದವು." ಅಂದರೆ ಅಡಗಿಸಿ ಇಟ್ಟಿದ್ದರು. ಗದ್ದೆ ಕೊನೆಗೆ ಯಾರಿಗೆ ಆಯಿತು ಎಂದು ಅಪ್ಪನಿಗೂ ಸರಿ ಗೊತ್ತಿಲ್ಲ.

ಗಡಿಕನ್ನಡಿಗ
ಅಣ್ಣಾ, ಇಷ್ಟು ಜನರ ಮುಂದೆ ಇದನ್ನು ಬರೆದಿರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಬೋರ್ಡಿನ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ, ಆದರೆ ಮಸಿ ಬಳಿಯುವುದು ತಪ್ಪು. ಅದನ್ನು ಮೊದಲೇ ಹೇಳಬೇಕಿತ್ತು.

ಸೊಪ್ಪಿನಬೆಟ್ಟ
ನಮ್ಮ ಅಟ್ಟದಲ್ಲೂ ಒಂದು ಪೆಟ್ಟಿಗೆ ಇದೆ. ಕನ್ನಡದ್ದೇ, ಓದಲು ಬರುತ್ತದೆ. ಇಲ್ಲಿಯವರೆಗೆ ತೆಗೆದಿಲ್ಲ.

ಗಜನಿಗದ್ದೆ
ಅಣ್ಣಾ, ಊರಿನ ಹೆಸರು ನನಗೂ ಕಳಿಸಿದಿರಲ್ಲ, ನೋಡಿದೆ. ನಮ್ಮ ಮನೆಯದ್ದಲ್ಲ. ಆದರೆ ಹೊಳೆ ಆಚೆಯ ಊರು, ಆ ಹೆಸರಿನ ಮನೆ ಇನ್ನೂ ಇದೆ. ಆ ಗೌಡರ ಮೊಮ್ಮಗಳು ನಮ್ಮ ಸುಗ್ಗಿ ತಂಡಕ್ಕೆ ಹೂವಿನ ತುರಾಯಿ ಕಟ್ಟಿಕೊಡುತ್ತಾಳೆ. ಸಂಜೆ ಫೋನ್ ಮಾಡಿ ಕೇಳಿದೆ. ಗದ್ದೆಯಲ್ಲಿ ಅರ್ಧ ಮಾತ್ರ ಅವರ ಹೆಸರಿಗೆ ಆಗಿತ್ತಂತೆ, ಉಳಿದ ಅರ್ಧಕ್ಕೆ ಸಾಕ್ಷಿ ಇಲ್ಲ ಎಂದು ಅರ್ಜಿ ಬಿದ್ದುಹೋಯಿತಂತೆ. ಅದು ಆಮೇಲೆ ಮಾರಾಟವಾಗಿ ಈಗ ಸಿಗಡಿ ಕೆರೆ. ಈಗ ಏನೂ ಮಾಡಲಿಕ್ಕೆ ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೆ ಅಜ್ಜನ ಹೆಬ್ಬೆಟ್ಟು ನೋಡಬೇಕು ಎಂದಳು. ಅವರ ಮನೆಯಲ್ಲಿ ಅಜ್ಜನ ಫೋಟೋ ಕೂಡ ಇಲ್ಲ.

ಕಾಳಿದಂಡೆ
ಭಾನುವಾರ ಬರುತ್ತೇನೆ. ಮಗಳನ್ನೂ ಕರೆದುಕೊಂಡು. ನಕಲು ಅಲ್ಲ, ಚೀಟಿಗಳನ್ನೇ ತರುತ್ತೇನೆ. ಅಪ್ಪ ಬರುತ್ತೇನೆ ಎಂದಿದ್ದಾರೆ, ಆದರೆ ಇನ್ನೂ ಬಟ್ಟೆ ತೆಗೆದಿಟ್ಟಿಲ್ಲ.

ಗಜನಿಗದ್ದೆ
ಹನ್ನೊಂದರ ಒಳಗೆ ಬನ್ನಿ. ಮಧ್ಯಾಹ್ನ ಭರತ, ಕಟ್ಟಿನ ಮೇಲೆ ನಡೆಯಲು ಆಗುವುದಿಲ್ಲ. ಅಪ್ಪನಿಗೆ ಚಪ್ಪಲಿ ಬೇಡ ಎಂದು ಹೇಳಿ, ಜಾರುತ್ತದೆ.